ಲಿನಕ್ಸಿನಲ್ಲಿ ಹೆಣ್ಣು ತೋರಿಸಿದ್ದು

ನನ್ನ ಲ್ಯಾಪ್‌ಟಾಪಿನ ಕೀಲಿಮಣೆಯಲ್ಲಿ, ಕೆಳಸಾಲಿನ ಎಡಗಡೆ, ಒಂದು ಕೀಲಿ ಹಣೆಬೊಟ್ಟು ಇಟ್ಟುಕೊಂಡು ಕೂತಿದೆ. ಮೆರೂನ್ ಬಣ್ಣದ ಸ್ಟಿಕ್ಕರು. ಬಚ್ಚಲಮನೆಯ ಕನ್ನಡಿಗೆ ಅಂಟಿಸಿ ನಾನು ಮರೆತುಬಿಟ್ಟ ಬೊಟ್ಟುಗಳ ಪೈಕಿ ಅಂಟು ಇನ್ನೂ ಸತ್ತಿರದ ಒಂದನ್ನು ಕಿತ್ತು ತಂದು ಹಚ್ಚಿದ್ದು. ಅದರ ಕೆಳಗೆ ನಾಲ್ಕು ಗಾಜಿನ ಕಿಟಕಿಯ ಗುರುತು ಇದೆ. ಅದು ಕಾಣಬಾರದು ಅಂತ ನಮ್ಮ ಕಾಲೇಜಿನ ಭೌತಶಾಸ್ತ್ರದ ರುದ್ರೇಶ್ ಮೇಷ್ಟ್ರು ಅಪ್ಪಣೆ ಮಾಡಿದ್ದರು. "ಮೇಡಂ, ವಿಂಡೋಸ್ ಹೋತು, ಲಿನಕ್ಸ್ ಬಂತು. ಕೋಟೆ ನಮ್ದಾದ ಮ್ಯಾಗೆ ಅವರ ಬಾವುಟ ಯಾಕೆ ಹಾರಬೇಕ್ರಿ?" ಅಂದಿದ್ದರು. ಮೊನ್ನೆ ತರಗತಿಯಲ್ಲಿ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಇದನ್ನು ದಿಟ್ಟಿಸಿ ನೋಡಿ, "ಮಿಸ್, ಅದು ಮುತ್ತೈದೆ ಕೀ ಏನ್ರಿ?" ಅಂತ ಕೇಳಿದಳು. ಹೌದಮ್ಮ ಅಂದೆ.

ಮನೆಗೆ ಬಂದು ನಗುತ್ತಾ ಕೂತಾಗ ನಾನು ಲಿನಕ್ಸಿಗೆ ಬಂದು ಬಿದ್ದದ್ದೆಲ್ಲ ನೆನಪಾಯಿತು. ನೆನಪಾಯಿತು ಅನ್ನುವ ಮಾತನ್ನು ನಾನು ಅಂಜುತ್ತಲೇ ಬಳಸುತ್ತೇನೆ. ಎಂ.ಎ. ಓದುವಾಗಿನಿಂದ ದಿನಚರಿ ಬರೆಯುವ ಚಟ ನನಗೆ. ಅದರಿಂದ ಆಗಿರುವ ಉಪಯೋಗವೆಂದರೆ, ನನ್ನ ನೆನಪು ಎಂಥ ಸುಳ್ಳುಬುರುಕ ಅಂತ ಗೊತ್ತಾಗಿರುವುದೊಂದೇ. ನೆನಪು ಒಂದು ಹೇಳುತ್ತದೆ, ದಿನಚರಿ ಇನ್ನೊಂದು ಹೇಳುತ್ತದೆ, ಅಪರೂಪಕ್ಕೆ ಇವೆರಡೂ ರಾಜಿಯಾದ ಕಡೆ ನಮ್ಮ ಮನೆಯವರು ಬಂದು "ಹಂಗಲ್ಲ ಅದು" ಅನ್ನುತ್ತಾರೆ. ಹಾಗಾಗಿ ಇಲ್ಲಿ ಲ್ಯಾಪ್‌ಟಾಪು ನಿಜ, ಬೊಟ್ಟು ನಿಜ. ಉಳಿದದ್ದಕ್ಕೆ ನಾನು ಜಾಮೀನು ನಿಲ್ಲಲಾರೆ.

ಲ್ಯಾಪ್‌ಟಾಪಿಗೆ ಯಾವ ಕಾಯಿಲೆಯೂ ಇರಲಿಲ್ಲ. ಮೂಲೆಯಲ್ಲಿ ಒಂದು ಸೀಳು, ಬ್ಯಾಟರಿಗೆ ಸ್ವಲ್ಪ ದಮ್ಮು, ಅಷ್ಟೆ. ಆದರೂ ಬೆಳಿಗ್ಗೆ ತೆರೆದರೆ ಸಾಕು, ನಿಮ್ಮ ಯಂತ್ರ ಹಳೆಯದು, ಹೊಸ ವಿಂಡೋಸಿಗೆ ಇದು ಅರ್ಹವಲ್ಲ, ಹಳೆಯದಕ್ಕೆ ಇನ್ನು ಮೇಲೆ ನಮ್ಮ ನೆರವಿಲ್ಲ ಅನ್ನುವ ಧಾಟಿಯ ಒಂದು ಪಾಠ ತೆರೆಯ ಮೇಲೆ ಬರುತ್ತಿತ್ತು. ಉಂಡು ತಿಂದು ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವ ಮನುಷ್ಯನ ಮನೆಬಾಗಿಲಿಗೆ ದಿನಾ ಬಂದು, ಏನ್ರಿ, ಇನ್ನೂ ಇದ್ದೀರಾ ಅಂತ ಕೇಳಿ ಹೋದ ಹಾಗೆ. ಸ್ಟಾಫ್ ರೂಮಿನಲ್ಲಿ ಈ ಸಂಕಟ ತೋಡಿಕೊಂಡೆ. ತೋಡಿಕೊಳ್ಳಬಾರದಿತ್ತು. ರುದ್ರೇಶ್ ಮೇಷ್ಟ್ರ ಕಿವಿ ನೆಟ್ಟಗಾಯಿತು.

ಈ ಮೇಷ್ಟ್ರ ಬಗ್ಗೆ ಒಂದು ಮಾತು. ಎಲ್ಲರ ಜೇಬಿನಲ್ಲಿ ಪೆನ್ನು ಇರುವ ಜಾಗದಲ್ಲಿ ಇವರದು ಪೆನ್‌ಡ್ರೈವ್. ಅದರೊಳಗೆ ಲಿನಕ್ಸು, ವಿಂಡೋಸಿನ ಜಾಗದಲ್ಲಿ ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ ವ್ಯವಸ್ಥೆ. ಮದುವೆ, ಗೃಹಪ್ರವೇಶ, ಎಲ್ಲಿ ಸಿಕ್ಕರೂ ಮಾತು ಹವಾಮಾನದಿಂದ ಶುರುವಾಗಿ, ಅಡಿಕೆ ಧಾರಣೆಗೆ ಬಂದು, ಸ್ವಾತಂತ್ರ್ಯದಲ್ಲಿ ಮುಗಿಯುತ್ತದೆ. ಗಣಕಯಂತ್ರದ ಸ್ವಾತಂತ್ರ್ಯ. ಇವರ ಹೆಂಡತಿ ಮಾತ್ರ ಇಷ್ಟು ವರ್ಷವಾದರೂ ತಮ್ಮ ಫೋನನ್ನು ಗಂಡನ ಕೈಗೆ ಕೊಟ್ಟಿಲ್ಲ.

ಒಂದು ರಜಾದಿನ ಚನ್ನಗಿರಿಯ ನಮ್ಮ ಮನೆಗೆ ಬಂದರು. ನಮ್ಮ ಅತ್ತೆ ಗೌರಮ್ಮನವರು ಮಂಡಕ್ಕಿ ಕಲಸಿ, ಮೆಣಸಿನಕಾಯಿ ಬಜ್ಜಿ ಕರಿದು ಮುಂದಿಟ್ಟರು. ಮೇಷ್ಟ್ರು ಒಂದು ಕೈಯಲ್ಲಿ ಬಜ್ಜಿ, ಇನ್ನೊಂದು ಕೈಯಲ್ಲಿ ಮೌಸು ಹಿಡಿದು ಕೆಲಸಕ್ಕೆ ಕೂತರು. ಮಧ್ಯೆ ತಲೆ ಎತ್ತಿ, "ಭಾಷೆ ಯಾವ್ದು ಇಡ್ಲಿ ಮೇಡಂ?" ಅಂದರು.

ಕನ್ನಡ ಎಂ.ಎ. ಮಾಡಿದವಳನ್ನು, ದಿನಾ ಮಕ್ಕಳಿಗೆ ಕನ್ನಡ ಪಾಠ ಹೇಳುವವಳನ್ನು, ಅವಳ ಮನೆಯಲ್ಲೇ, ಅವಳ ಅತ್ತೆಯ ಎದುರಿಗೇ ಹೀಗೆ ಕೇಳಿದರೆ ಏನು ಹೇಳಬೇಕು ನೀವೇ ಹೇಳಿ. "ಕನ್ನಡಾನೇ ಇಡಿ ಮೇಷ್ಟ್ರೇ, ಇದೂ ಕೇಳೋ ಮಾತಾ?" ಅಂದೆ.

ಲ್ಯಾಪ್‌ಟಾಪು ಕನ್ನಡವಾಯಿತು. ಆಮೇಲೆ ನನಗೆ ಒಂದಕ್ಷರ ಅರ್ಥವಾಗಲಿಲ್ಲ. ಕಡತ, ನೋಟ, ಸಂಪಾದನೆ, ಆದ್ಯತೆಗಳು. ಹಳಗನ್ನಡ ಕಾವ್ಯವನ್ನು ಅನ್ವಯ ಮಾಡಿ ಪಾಠ ಹೇಳುವವಳು ಒಂದು ಪುಟ ಪ್ರಿಂಟು ಹಾಕಲು ಬಾರದೆ ಕೂತೆ. ನಮ್ಮ ಮನೆಯವರು ಹೆಗಲ ಮೇಲಿಂದ ಇಣುಕಿ, "ಸಂಪಾದನೆ ಅಂತ ಐತಲ್ಲೇ, ಅದನ್ನ ಒತ್ತು. ಎಷ್ಟು ಬರ್ತೈತೆ ನೋಡಾಣ" ಅಂದರು. ಅವರು ಅಡಿಕೆ ವ್ಯಾಪಾರಸ್ಥರು, ಹಗಲೆಲ್ಲ ನಲ್ಲೂರು, ಚನ್ನಗಿರಿ ಅಂತ ತಿರುಗುವವರು, ಆ ಪದದ ಮೇಲೆ ಅವರಿಗೆ ಪ್ರೀತಿ ಸಹಜ. ಮಾರನೆಯ ದಿನ ಯಾರಿಗೂ ಹೇಳದೆ ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಇದನ್ನು ದಿನಚರಿಯಲ್ಲೂ ಬರೆದಿಲ್ಲ. ನಾಳೆ ಯಾರಾದರೂ ಓದಿದರೆ ಕಷ್ಟ.

ಇಂಗ್ಲಿಷಿಗೆ ತಿರುಗಿಸಿದ್ದರಿಂದ ಓದಲು ಬಂತೇ ಹೊರತು ದಾರಿ ಸಿಗಲಿಲ್ಲ. ಕೆಳಗೆ ಮಲಗಿರಬೇಕಾದ ಪಟ್ಟಿ ಎಡಗಡೆ ಎದ್ದು ನಿಂತಿತ್ತು. ಸಿ ಡ್ರೈವು ಇಲ್ಲ, ಡಿ ಡ್ರೈವು ಇಲ್ಲ. ಎಲ್ಲಿ ಹೋದವು ಅಂತ ಫೋನಿನಲ್ಲಿ ಕೇಳಿದರೆ, "ಅವೆಲ್ಲ ಗುಲಾಮಗಿರಿ ಮೇಡಂ, ಈಗ ಎಲ್ಲಾ ಒಂದೇ ಮರ" ಅಂದರು ಮೇಷ್ಟ್ರು. ಮರದಲ್ಲಿ ನನ್ನ ಪ್ರಶ್ನೆಪತ್ರಿಕೆಗಳು ಯಾವ ಕೊಂಬೆಯಲ್ಲಿವೆ ಅಂತ ಹುಡುಕುವಾಗ ಮೌಸು ಮೇಲಿನ ಮೂಲೆಗೆ ತಾಗಿತೋ, ತೆರೆದಿದ್ದ ಪುಟಗಳೆಲ್ಲ ಕಲ್ಲು ಬಿದ್ದ ಗುಬ್ಬಿ ಹಿಂಡಿನಂತೆ ಚೆದುರಿ ಕುಗ್ಗಿ ಕೂರುತ್ತಿದ್ದವು. ಇನ್ನು ಗುಪ್ತಪದ. ಮೇಷ್ಟ್ರು ಕರಿ ತೆರೆಯೊಂದನ್ನು ತೆಗೆಸಿ, ಅಲ್ಲಿ ಗುಪ್ತಪದ ಹೊಡೆಯಿರಿ ಅನ್ನುತ್ತಾರೆ. ಹೊಡೆದರೆ ಏನೂ ಕಾಣುವುದಿಲ್ಲ. ಅಕ್ಷರ ಬೇಡ, ಒಂದು ಚುಕ್ಕಿಯೂ ಇಲ್ಲ. "ಮೇಷ್ಟ್ರೇ, ಬೀಳ್ತಿಲ್ಲ" ಅಂದರೆ, "ಬೀಳ್ತಾ ಐತೆ ಮೇಡಂ, ತೋರ್ಸಲ್ಲ ಅಷ್ಟೆ. ನಂಬಿಕೆ ಇಟ್ಟು ಹೊಡೀರಿ" ಅಂದರು. ವೈಜ್ಞಾನಿಕ ಮನೋಭಾವದ ಬಗ್ಗೆ ಕಾಲೇಜಿನಲ್ಲಿ ಭಾಷಣ ಮಾಡುವ ಮನುಷ್ಯ!

ಹಾಗೆ ನೋಡಿದರೆ ಕಾಣದ್ದನ್ನು ಹೊಡೆಯುವುದು ನನಗೆ ಹೊಸದಲ್ಲ. ನಾನು ಜಗಳೂರು ತಾಲ್ಲೂಕಿನ ಸೊಕ್ಕೆಯವಳು. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದ ರಜೆಯಲ್ಲಿ ನನ್ನನ್ನೂ ತಂಗಿಯನ್ನೂ ಅಪ್ಪ ಜಗಳೂರಿನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹಾಕಿದ್ದರು. ಬಸ್ಸಿಳಿದು, ಬಿಸಿಲಲ್ಲಿ ನಡೆದು ಹೋದರೆ ಒಳಗೆ ಯಂತ್ರಗಳ ಟಕಟಕ. ಅಲ್ಲಿನ ಮೇಷ್ಟ್ರು, ಕೀಲಿ ನೋಡಿಕೊಂಡು ಹೊಡೆಯಬಾರದು ಅಂತ ನಮ್ಮ ಕೈಗಳ ಮೇಲೆ ತಮ್ಮ ಹೆಗಲ ಮೇಲಿನ ಟವೆಲ್ಲನ್ನು ಹೊದಿಸುತ್ತಿದ್ದರು. ಹಸಿರು ಟವೆಲ್ಲು, ನಶ್ಯದ ವಾಸನೆ. ಬೆರಳು ಕತ್ತಲಲ್ಲಿ ತಡಕಾಡುತ್ತಿತ್ತು, ಮೂಗು ಸೀನು ತಡೆಯುತ್ತಿತ್ತು. ತಂಗಿಯನ್ನು ಕೇಳಿದರೆ, "ಅದು ಟವೆಲ್ಲಲ್ಲ ಕಣೇ ಅಕ್ಕ, ಅವ್ರ ಹಳೇ ಲುಂಗಿ" ಅನ್ನುತ್ತಾಳೆ. ಅದು ಟವೆಲ್ಲೇ ಆಗಿರಲಿ ಅಂತ ನಾನು ಹಟ ಹಿಡಿದಿದ್ದೇನೆ. ಇಷ್ಟು ವರ್ಷದ ಮೇಲೆ ಅದನ್ನು ಲುಂಗಿ ಅಂತ ಒಪ್ಪಿಕೊಳ್ಳುವ ಧೈರ್ಯ ನನಗಿಲ್ಲ. ಅಂತೂ ಆ ಬಟ್ಟೆಯ ಕೆಳಗೆ ಬೆರಳಿಗೆ ಬಂದದ್ದು ಇವತ್ತಿಗೂ ಹೋಗಿಲ್ಲ. ತೊಂದರೆ ಇರುವುದೂ ಅಲ್ಲೇ. ತಲೆ ಹೊಸದನ್ನು ಒಪ್ಪಿದರೂ ಬೆರಳು ಒಪ್ಪುವುದಿಲ್ಲ, ಹಳೆಯ ಜಾಗಕ್ಕೇ ಓಡುತ್ತದೆ.

ಇದಕ್ಕಿಂತ ದೊಡ್ಡ ಲಿನಕ್ಸು ನನಗೆ ಮದುವೆಯಾದ ಹೊಸತರಲ್ಲೇ ಎದುರಾಗಿತ್ತು. ಅದು ಅತ್ತೆಮನೆಯ ಸ್ವಿಚ್ಚುಬೋರ್ಡು. ಸೊಕ್ಕೆಯ ನಮ್ಮ ಮನೆಯಲ್ಲಿ ಒಂದು ಬಲ್ಬು, ಒಂದು ಸ್ವಿಚ್ಚು. ಒತ್ತಿದರೆ ಹತ್ತುತ್ತಿತ್ತು, ಕರೆಂಟು ಇದ್ದರೆ. ಚನ್ನಗಿರಿಯ ಈ ಮನೆಯ ನಡುಕೋಣೆಯಲ್ಲಿ ಗೋಡೆಯಗಲದ ಒಂದು ಬೋರ್ಡು. ಲೈಟಿನ ಜಾಗದಲ್ಲಿ ಫ್ಯಾನು, ಫ್ಯಾನಿನ ಜಾಗದಲ್ಲಿ ಅಂಗಳದ ಲೈಟು, ಕೆಲವು ಮೇಲೆ ಒತ್ತಿದರೆ ಹತ್ತುವವು, ಕೆಲವು ಕೆಳಗೆ. ನಡುವೆ ಒಂದು ಕಂದು ಸ್ವಿಚ್ಚು ಯಾವುದರದ್ದು ಅಂತ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. "ಅದನ್ನ ಮಾತ್ರ ಮುಟ್ಟಬ್ಯಾಡವ್ವ" ಅಂತ ನಾನು ಬಂದ ದಿನವೇ ಅತ್ತೆ ಹೇಳಿದ್ದರು. ಯಾಕೆ ಅಂದರೆ, "ಯಾರೂ ಮುಟ್ಟಿಲ್ಲ, ಅದಕ್ಕೆ." ಒಂದು ಬೆಳಿಗ್ಗೆ ಫ್ಯಾನು ಹಾಕುತ್ತೇನೆಂದು ನೀರಿನ ಮೋಟರು ಆರಿಸಿಬಿಟ್ಟೆ. ಬಚ್ಚಲಲ್ಲಿ, ಆಗಿನ್ನೂ ಬದುಕಿದ್ದ ಮಾವನವರು ತಲೆಗೆ ಸೋಪು ಹಚ್ಚಿಕೊಂಡು ನಿಂತಿದ್ದರು. "ಯಾವನಲೇ ಅವನು!" ಅಂತ ಒಳಗಿಂದ ಗರ್ಜನೆ ಬಂತು. ಯಾವನೂ ಅಲ್ಲ, ಹೊಸ ಸೊಸೆ. ಈ ಪ್ರಸಂಗವನ್ನು ನಾನು ಎಷ್ಟು ಜನರ ಮುಂದೆ ಅಭಿನಯಿಸಿ ನಗಿಸಿದ್ದೇನೋ ಲೆಕ್ಕವಿಲ್ಲ. ಹೋದ ವರ್ಷ ನಮ್ಮ ಮನೆಯವರು ತಣ್ಣಗೆ, "ಅಪ್ಪಾಜಿ ಅಲ್ಲ ಕಣೇ. ಒಳಗೆ ಇದ್ದಿದ್ದು ನಾನು" ಅಂದರು. ದಿನಚರಿ ತೆಗೆದು ನೋಡಿದರೆ ಆ ದಿನದ ಪುಟದಲ್ಲಿ "ಇವತ್ತು ಅತ್ತುಬಿಟ್ಟೆ" ಅಂತ ಮಾತ್ರ ಇದೆ. ಸೋಪಿನ ಸುದ್ದಿಯೇ ಇಲ್ಲ.

ಈಗ ನನ್ನ ನಾದಿನಿ ಶೈಲಜಳ ವಿಷಯಕ್ಕೆ ಬರಬೇಕು. ನಿಜವಾಗಿ ಇದು ಅವಳ ವಿಷಯವೇ.

ಶೈಲೂ ಹೊನ್ನಾಳಿಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅಲ್ಲೇ ಒಂದು ಮಹಡಿ ಮೇಲಿನ ಮನೆ ಬಾಡಿಗೆಗೆ ಹಿಡಿದು ಒಬ್ಬಳೇ ಇದ್ದಳು. ನಾನು ಹೋದಾಗಲೆಲ್ಲ ಹೊಟ್ಟೆಕಿಚ್ಚು ಪಟ್ಟು ಬರುತ್ತಿದ್ದೆ. ಸ್ವಿಚ್ಚುಬೋರ್ಡಿನ ಮೇಲೆ ಫ್ಯಾನು, ಲೈಟು, ಬಚ್ಚಲು ಅಂತ ಪುಟ್ಟ ಚೀಟಿಗಳನ್ನು, ರಕ್ತದ ಶೀಷೆಗೆ ಅಂಟಿಸುವ ಹಾಗೆ, ಅಂಟಿಸಿದ್ದಳು. ಆ ಮನೆಯಲ್ಲಿ ಯಾವ ವಸ್ತು ಎಲ್ಲಿರಬೇಕು ಅನ್ನುವುದು ಅವಳೊಬ್ಬಳ ತೀರ್ಮಾನ. ಮದುವೆಯ ಮಾತು ಬಂದರೆ ಅವಳದು ಒಂದೇ ಹಟ. "ಅತ್ಗೆ, ಹುಡುಗ ಬೇಡ ಅಂತ ನಾನ್ ಅನ್ನಲ್ಲ. ಮನೆ ಬಿಟ್ಟು ಬರಾಕೆ ಆಗಲ್ಲ ಅಂತೀನಿ. ನೀವು ಇನ್ನೊಬ್ರ ಮನ್ಯಾಗೆ ಸ್ವಿಚ್ಚು ಹುಡುಕಿದ್ದು ಸಾಕು. ನಾನ್ ಹುಡುಕಲ್ಲ." ಅತ್ತೆ ಇದನ್ನು ಕೇಳಿ, "ಹಂಗಾದ್ರೆ ಸ್ವಿಚ್ಚುಬೋರ್ಡನ್ನೇ ಕಟ್ಕೊಳ್ಳವ್ವ" ಅಂತ ಬೈಯುತ್ತಿದ್ದರು.

ಅಷ್ಟರಲ್ಲಿ ನ್ಯಾಮತಿ ಕಡೆಯ ಸಂಬಂಧಿಕರಿಂದ ಒಂದು ಸಂಬಂಧ ಬಂತು. ಸವಳಂಗದ ಹುಡುಗ, ವೀರೇಶ ಅಂತ. ಅಲ್ಲೇ ಪಂಪ್‌ಸೆಟ್ಟು ಮೋಟರು ರಿಪೇರಿಯ ಸ್ವಂತ ಅಂಗಡಿ. ಫೋಟೋ ನೋಡಿದ ಶೈಲೂ ಅದನ್ನು ಕೆಳಗಿಡಲಿಲ್ಲ. ನನ್ನನ್ನು ಅಡಿಗೆಮನೆಗೆ ಎಳೆದುಕೊಂಡು ಹೋಗಿ, "ಅತ್ಗೆ, ಇವ್ರು ನಮ್ಮ ಲ್ಯಾಬಿಗೆ ಬಂದಿದ್ರು. ರಕ್ತ ಕೊಡಾಕೆ. ಸೂಜಿ ತೆಗ್ದಿದ್ದೇ ಗೋಡೆ ಕಡೆ ತಿರುಗಿ ಗಟ್ಟಿಯಾಗಿ ಕಣ್ಣು ಮುಚ್ಕೊಂಡ್ರು. ಮುಗೀತು ರೀ ಅಂದ್ರೂ ಬಿಡಲಿಲ್ಲ. ಆಮೇಲೆ ನಾಚಿಕೊಂಡು, ಕರೆಂಟಿಗೆ ಹೆದರಲ್ಲ ರೀ ನಾನು, ಸೂಜಿಗೆ ಅಷ್ಟೆ ಅಂದ್ರು" ಅಂದಳು. ಅವಳ ಮುಖದಲ್ಲಿ ಒಂದು ಬಗೆಯ ನಗು ಇತ್ತು. ಹಿಂದೆ ಬಂದ ಯಾವ ಫೋಟೋಗೂ ಅದು ಬಂದಿರಲಿಲ್ಲ. ಇವಳಿಗೆ ಹುಡುಗ ಬೇಕು. ಮನೆಯೂ ಬೇಕು. ಮೊದಲನೆಯದಕ್ಕಾಗಿ ಎರಡನೆಯದನ್ನು ಬಿಡುವವಳಲ್ಲ.

ತಟ್ಟೆ ಹಿಡಿದು ಬಂದು ಕೂರುವುದಿಲ್ಲ, ಮೊದಲು ವಿಡಿಯೋದಲ್ಲಿ ಮಾತಾಡೋಣ, ಇಬ್ಬರಿಗೂ ಒಪ್ಪಿಗೆಯಾದರೆ ಆಮೇಲೆ ಉಪ್ಪಿಟ್ಟು ಕಾಫಿ ಅಂತ ಶೈಲೂ ಷರತ್ತು ಹಾಕಿದಳು. ಹುಡುಗನ ಕಡೆಯವರು ಒಪ್ಪಿದರು. ಫೋನಿನಲ್ಲಿ ಬೇಡ ಅಂದರು ಅತ್ತೆ. ಹಿಂದೊಮ್ಮೆ ಫೋನಿನಲ್ಲಿ ನೋಡಿದ ಒಬ್ಬ ಹುಡುಗನ ಮನೆಯ ಹೆಂಚು ಬಿಟ್ಟು ಇವರಿಗೆ ಬೇರೇನೂ ಕಂಡಿರಲಿಲ್ಲವಂತೆ. "ನಿನ್ನ ದೊಡ್ಡ ಮಿಷಿನ್ನಾಗೆ ತೋರ್ಸವ್ವ ಸುಮಿತ್ರಾ. ಹೊಸದು ಏನೋ ಹಾಕ್ಸಿದೀಯಲ್ಲ" ಅಂದರು. ನಾನು ಜಂಬದಿಂದ ಒಪ್ಪಿದೆ. ಲಿನಕ್ಸಿನಲ್ಲಿ ಅಷ್ಟು ಹೊತ್ತಿಗೆ ನನಗೆ ಪುಟ ತೆರೆಯುವುದು, ಮುಚ್ಚುವುದು ಎರಡೂ ಬರುತ್ತಿದ್ದವು.

ಭಾನುವಾರ ಬೆಳಿಗ್ಗೆ ಶೈಲೂ ಹೊನ್ನಾಳಿಯಿಂದ ಬಂದಳು. ನಡುಕೋಣೆಯ ಮೇಜಿನ ಮೇಲೆ ಲ್ಯಾಪ್‌ಟಾಪು ಇಟ್ಟು, ಅತ್ತೆ, ನಮ್ಮ ಮನೆಯವರು, ಶೈಲೂ ಸಾಲಾಗಿ ಕೂತರು. ಮೌಸಿನ ಅಧಿಕಾರ ನನ್ನದು. ಕರೆ ಹೋಯಿತು. ಆ ಕಡೆ ವೀರೇಶನೂ ಅವನ ತಾಯಿಯೂ ಸ್ಫಟಿಕದ ಹಾಗೆ ಕಂಡರು, ಹಿಂದಿನ ಗೋಡೆಯ ಕ್ಯಾಲೆಂಡರಿನ ತಾರೀಖೂ ಓದಬಹುದಿತ್ತು. ತೆರೆಯ ಮೂಲೆಯ ಪುಟ್ಟ ಚೌಕದಲ್ಲಿ ನಾವು ಕಂಡೆವು. ಕಂಡೆವು ಅನ್ನುವುದು ದೊಡ್ಡ ಮಾತು. ಪೌರಾಣಿಕ ನಾಟಕದಲ್ಲಿ ದೇವಲೋಕ ತೋರಿಸಲು ಹೊಗೆ ಬಿಡುತ್ತಾರಲ್ಲ, ಅದರೊಳಗೆ ಮೂರು ಗೊಂಬೆಗಳು ಅಲ್ಲಾಡುತ್ತಿದ್ದವು.

ವೀರೇಶನ ತಾಯಿ ಮುಖ ಮುಂದೆ ತಂದು ಕಣ್ಣು ಕಿರಿದು ಮಾಡಿದರು. "ಏನ್ರವ್ವ, ಅಡಿಗೆಮನೆ ಹೊಗೆ ಅಲ್ಲೀವರೆಗೂ ಬರ್ತೈತಾ? ಸೌದೆ ಒಲೇನಾ ನಿಮ್ದು?"

ಅತ್ತೆಗೆ ಚೇಳು ಕಡಿದಂತಾಯಿತು. "ಸೌದೆ ಯಾಕ್ರಿ, ಗ್ಯಾಸೈತೆ ನಮ್ಮನ್ಯಾಗೆ! ಎರಡು ಸಿಲಿಂಡ್ರೈತೆ!"

"ಇದು ಲಿನಕ್ಸಿನ ಹೊಗೆ" ಅಂತ ನಮ್ಮ ಮನೆಯವರು ನನ್ನ ಕಿವಿಯಲ್ಲಿ ಅಂದರು. "ಚೆನ್ನಾಗಿದ್ದ ಮಿಷಿನ್ನು ಕೆಡ್ಸಿ ಇಟ್ಟೆಯಲ್ಲೇ ಮಾರಾಯ್ತಿ. ನನ್ನ ತಂಗಿ ಮದ್ವೆ ಮಾತಿನ ದಿನಾನೇ ಇದಕ್ಕೆ ಸ್ವಾತಂತ್ರ್ಯ ಬರಬೇಕಾ?"

ನಾನು ರುದ್ರೇಶ್ ಮೇಷ್ಟ್ರಿಗೆ ಫೋನು ಹಚ್ಚಿದೆ. ಅವರು ಎಲ್ಲೋ ಮದುವೆ ಊಟದ ಪಂಕ್ತಿಯಲ್ಲಿದ್ದರು. ಪಾಯಸ ಬಡಿಸುವ ಸದ್ದಿನ ನಡುವೆ, "ಮೇಡಂ, ಕರಿ ತೆರೆ ತೆಗೀರಿ, ನಾನ್ ಹೇಳಿದಂಗೆ ಹೊಡೀರಿ" ಅಂದರು. ಹೊಡೆದೆ. ಗುಪ್ತಪದ ಕೇಳಿತು. ನಂಬಿಕೆ ಇಟ್ಟು ಅದನ್ನೂ ಹೊಡೆದೆ. ಇಂಗ್ಲಿಷಿನಲ್ಲಿ ಒಂದು ಪುರಾಣ ಓಡಿಹೋಯಿತು. ಹೊಗೆ ಹೊಗೆಯಾಗಿಯೇ ಇತ್ತು. "ಹಂಗಾರೆ ಕ್ಯಾಮೆರಾದ ಸಾಫ್ಟ್‌ವೇರ್ ಹೊಂದ್ತಿಲ್ಲ ಮೇಡಂ. ಹೋಳಿಗೆ ಮುಗ್ಸಿ ಮಾಡ್ತೀನಿ" ಅಂತ ಇಟ್ಟರು.

ಅತ್ತ ತಾಯಿ ಮಗನಿಗೆ ಪಿಸುಗುಟ್ಟಿದ್ದು ನಮಗೆ ಸ್ಪಷ್ಟವಾಗಿ ಕೇಳಿತು. ಲಿನಕ್ಸಿನಲ್ಲಿ ಧ್ವನಿ ಬಹಳ ಚೆನ್ನಾಗಿ ಬರುತ್ತದೆ. "ಈಗಿನವ್ರು ಬಣ್ಣ ಬದಲಾಯ್ಸಿ ತೋರಿಸ್ತಾರಂತೆ ಕಣೋ. ಏನೋ ಮುಚ್ಚಿಡ್ತವ್ರೆ."

ಒಂದು ಒಳ್ಳೆಯ ಸಂಬಂಧ ನನ್ನ ಜಂಬಕ್ಕೆ ಮುರಿದು ಬೀಳುತ್ತಿದೆ, ಆ ಕಿಟಕಿ ಗುರುತಿನ ಮೇಲೆ ಬೊಟ್ಟು ಹಚ್ಚಿದಾಗ ನಕ್ಕಿದ್ದಕ್ಕೆ ಇದು ಶಿಕ್ಷೆ ಅಂತ ಅನ್ನಿಸಿತು. ಕರೆ ನಿಲ್ಲಿಸಿ, ಇನ್ನೊಂದು ದಿನ ಮಾಡೋಣ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಶೈಲೂ ಕುರ್ಚಿ ಮುಂದಕ್ಕೆ ಎಳೆದುಕೊಂಡಳು.

"ನಮಸ್ಕಾರ ರೀ. ಮುಖ ಕಾಣ್ದಿದ್ರೂ ಮಾತು ಕೇಳ್ತೈತಲ್ಲ. ಒಂದ್ ಮಾತು ಹೇಳಿಬಿಡ್ತೀನಿ. ನಿಮ್ಮ ಅಂಗಡಿ ಬಿಡಿ ಅಂತ ನಾನ್ ಅನ್ನಲ್ಲ. ನಾನೂ ಕೆಲಸ ಬಿಡಲ್ಲ, ಹೊನ್ನಾಳಿ ಮನೇನೂ ಬಿಡಲ್ಲ. ಮದುವೆಯಾದ್ರೆ ನೀವೇ ಅಲ್ಲಿಗೆ ಬಂದಿರಬೇಕು. ಅಲ್ಲಿಂದ ಅಂಗಡಿಗೆ ಓಡಾಡ್ಬೇಕು. ಆಗ್ತೈತೋ ಇಲ್ವೋ ಹೇಳ್ರಿ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ತೆರೆಯ ಮೇಲೆ ವೀರೇಶ ಅಲ್ಲಾಡಲಿಲ್ಲ. ರೆಪ್ಪೆ ಬಡಿಯಲಿಲ್ಲ. ಬಾಯಿ ಅರ್ಧ ತೆರೆದದ್ದು ಹಾಗೇ ನಿಂತಿತು. ಅವನ ತಾಯಿಯೂ ಅಲ್ಲಾಡಲಿಲ್ಲ.

"ಮಿಷಿನ್ನು ಹ್ಯಾಂಗ್ ಆತು ನೋಡು" ಅಂದರು ನಮ್ಮ ಮನೆಯವರು.

ಯಂತ್ರ ನಿಂತಿತೋ ಮನುಷ್ಯ ನಿಂತನೋ ತಿಳಿಯದ ಆ ಹೊತ್ತು ನನಗೆ ಬಹಳ ಉದ್ದವಾಗಿ ನೆನಪಿದೆ. ಉದ್ದ ಇರಲಿಕ್ಕಿಲ್ಲ. ಏನಾದರೂ ಮಾಡಬೇಕು ಅಂತ ನಾನು ಯಾವುದಾದರೂ ಗುಂಡಿ ಸಿಗುತ್ತದೇನೋ ಎಂದು ಮುಖವನ್ನು ತೆರೆಗೆ ತಾಗುವಷ್ಟು ಹತ್ತಿರ ತಂದೆ. ಆಗ ಕಂಡಿತು. ತೆರೆಯ ಮೇಲಿನ ಬೂದು ಅಂಚಿನ ನಟ್ಟನಡುವೆ, ಕ್ಯಾಮೆರಾದ ಪುಟ್ಟ ಕಣ್ಣಿನ ಮೇಲೇ, ಅಡ್ಡಲಾಗಿ ಮೂರು ಬಿಳಿ ಗೆರೆ. ಒಣಗಿದ ವಿಭೂತಿ.

ನಮ್ಮ ಅತ್ತೆ ವಿಭೂತಿ ಹಚ್ಚದೆ ಈ ಮನೆಯೊಳಗೆ ಒಂದು ಪಾತ್ರೆಯೂ ಬಂದಿಲ್ಲ. ಮಿಕ್ಸಿಗೆ ಹಚ್ಚಿದ್ದಾರೆ, ಫ್ರಿಜ್ಜಿಗೆ ಹಚ್ಚಿದ್ದಾರೆ, ಸಿಲಿಂಡರು ತಂದವನು ಅದನ್ನು ಇಳಿಸುವ ಮೊದಲೇ ಹಚ್ಚಿದ್ದಾರೆ. ಎಲ್ಲಕ್ಕೂ ಹಣೆ ಎಲ್ಲಿದೆ ಅಂತ ಅವರಿಗೆ ಗೊತ್ತು. ಲ್ಯಾಪ್‌ಟಾಪಿನ ಹಣೆಯನ್ನೂ ಅವರು ಸರಿಯಾಗಿಯೇ ಗುರುತಿಸಿದ್ದರು.

"ಅತ್ತೆ!" ಅಂದೆ.

"ಏನೀಗ? ಹೊಸದಾಗಿ ಹಾಕ್ಸೀನಿ ಅಂದ್ಯಲ್ಲ. ಬೆಳಿಗ್ಗೆ ಪೂಜೆ ಮಾಡಿ ಬಂದು ಅದಕ್ಕೂ ಹಚ್ಚಿದೆ. ಹೆಣ್ಣು ತೋರ್ಸೋ ದಿನ ಬರೀ ಹಣೇಲಿ ಕೂರಿಸ್ತಾರೇನವ್ವ ಅದನ್ನ?"

ಸೆರಗಿನ ತುದಿಯಿಂದ ಉಜ್ಜಿದೆ. ಮೂಲೆಯ ಚೌಕದಲ್ಲಿ ದೇವಲೋಕ ಕರಗಿ, ಚನ್ನಗಿರಿಯ ನಡುಕೋಣೆ ಕಾಣಿಸಿತು. ಶೈಲೂ ಕಂಡಳು, ಹಳದಿ ಚೂಡಿದಾರ, ಕೆನ್ನೆಯ ಮೇಲಿನ ಮೊಡವೆ ಸಮೇತ. ಆ ಕಡೆ ವೀರೇಶ ರೆಪ್ಪೆ ಬಡಿದ.

ಅವನ ತಾಯಿಯೇ ಮೊದಲು ಮಾತಾಡಿದರು. "ಹಾಂ, ಈಗ ಕಾಣ್ತೈತೆ ಮುಖ. ಆಗ ಏನೋ ಅಂದ್ಯಲ್ಲವ್ವ. ಇನ್ನೊಂದ್ಸಲ ಹೇಳು, ಕೇಳಾಣ."

ಮುಖ ಕಾಣದಿದ್ದಾಗ ಹೇಳಿದ್ದನ್ನು ಮುಖ ಕಾಣುವಾಗ ಹೇಳು ಅಂದರೆ! ಇದು ಪರೀಕ್ಷೆ ಅಂತ ನನಗೂ ಗೊತ್ತಾಯಿತು, ಅತ್ತೆಗೂ ಗೊತ್ತಾಯಿತು. ಅತ್ತೆ ಮೇಜಿನ ಕೆಳಗೆ ಮಗಳ ತೊಡೆ ಚಿವುಟಿದರು. ಏನೂ ಇಲ್ಲ ರೀ, ತಮಾಷೆಗೆ ಅಂದೆ ಅಂದಿದ್ದರೆ ಅಲ್ಲಿಗೆ ಎಲ್ಲ ಸುಗಮ. ಶೈಲೂ ಕಿವಿಯವರೆಗೆ ಕೆಂಪಾದಳು. ಒಮ್ಮೆ ನನ್ನ ಕಡೆ ನೋಡಿದಳು. ನಾನು ಹೇಳಬಹುದಾಗಿದ್ದದ್ದು ಅತ್ತೆಮನೆಯಲ್ಲಿ ಸ್ವಿಚ್ಚು ಹುಡುಕಿದ ಸೊಸೆಯ ಬುದ್ಧಿಮಾತು ಮಾತ್ರ, ಅದನ್ನು ನುಂಗಿಕೊಂಡೆ. ಅವಳು ತೆರೆಯ ಕಡೆ ತಿರುಗಿ, ಮೊದಲು ಹೇಳಿದ್ದನ್ನೇ, ಮೊದಲಿಗಿಂತ ನಿಧಾನವಾಗಿ, ಒಂದು ಮಾತೂ ಬಿಡದೆ ಇನ್ನೊಂದು ಸಲ ಹೇಳಿದಳು.

ವೀರೇಶ ಗಂಟಲು ಸರಿಮಾಡಿಕೊಂಡ. "ಹ್ಯಾಂಗಾಗಿರ್ಲಿಲ್ಲ ರೀ ಆಗ. ಯೋಚ್ನೆ ಮಾಡ್ತಿದ್ದೆ. ಬ್ಯಾಸಿಗ್ಯಾಗೆ ಮೋಟರು ಸುಟ್ಟೋಗಿ ರೈತ್ರು ಬೆಳಿಗ್ಗೆನೇ ಬಂದು ಅಂಗಡಿ ಮುಂದೆ ಕುಂತಿರ್ತಾರೆ. ಬಸ್ಸು ನಂಬ್ಕೊಂಡ್ರೆ ಆಗಲ್ಲ, ಗಾಡಿ ಮ್ಯಾಗೇ ಓಡಾಡ್ಬೇಕು. ಆ ಮನೆ ಹತ್ರ ಗಾಡಿ ನಿಲ್ಸಾಕೆ ನೆರಳು ಐತೇನ್ರಿ?"

"ಮೆಟ್ಲು ಕೆಳಗೆ ಐತೆ. ಓನರ್ರು ಹಳೇ ಡ್ರಮ್ಮು ಇಟ್ಟವ್ರೆ. ತೆಗೆಸ್ತೀನಿ."

"ಅಂದ್ರೆ ನೀನೇ ಹೋಗೋದೇನೋ?" ಅಂದರು ತಾಯಿ, ಮಗನ ಕಡೆ ಪೂರ್ತಿ ತಿರುಗಿ.

"ಹೊನ್ನಾಳಿ ಏನು ಡೆಲ್ಲೀನೇನವ್ವ? ಮಧ್ಯಾಹ್ನದ ಊಟಕ್ಕೆ ದಿನಾ ನಿನ್ನ ಹತ್ರಾನೇ ಇರ್ತೀನಲ್ಲ" ಅಂದ ಅವನು.

ತಾಯಿ ಅದಕ್ಕೆ ಏನಂದರು ಅನ್ನುವುದು ನಮಗೆ ತಿಳಿಯಲಿಲ್ಲ. ಆಗ ನಿಜವಾಗಿಯೂ ಹ್ಯಾಂಗಾಯಿತು.

ಮದುವೆಯಾಯಿತು. ವಿಭೂತಿಯ ಮಹಿಮೆ ಅಂತ ಅತ್ತೆ ಹೇಳಿಕೊಂಡು ತಿರುಗುತ್ತಾರೆ. ರುದ್ರೇಶ್ ಮೇಷ್ಟ್ರು ಮದುವೆಗೆ ಬಂದು, ಲಿನಕ್ಸಿನಲ್ಲಿ ಕುದುರಿದ ಸಂಬಂಧ ಅಂತ ಪಂಕ್ತಿಯಲ್ಲಿ ಅಕ್ಕಪಕ್ಕದವರಿಗೆಲ್ಲ ಸಾರಿದರು. ನಮ್ಮ ಮನೆಯವರ ಪ್ರಕಾರ ಹುಡುಗ ನೆರಳಿನ ಮಾತೇ ಆಡಲಿಲ್ಲ, "ನೋಡಾಣ" ಅಂದನಂತೆ, ಉಳಿದದ್ದೆಲ್ಲ ನಾನು ಕಟ್ಟಿದ್ದಂತೆ. ದಿನಚರಿ ತೆಗೆದು ನೋಡಿದೆ. "ಕ್ಯಾಮೆರಾ ಚೆನ್ನಾಗಿದೆ" ಅಂತ ಒಂದೇ ಸಾಲು ಬರೆದಿದ್ದೇನೆ.

ಹೋದ ತಿಂಗಳು ಹೊನ್ನಾಳಿಗೆ ಹೋಗಿದ್ದೆ. ಮೆಟ್ಟಿಲ ಕೆಳಗೆ ಮೋಟರಿನ ಎಣ್ಣೆ ಮೆತ್ತಿಕೊಂಡ ಒಂದು ಗಾಡಿ ನಿಂತಿತ್ತು, ಡ್ರಮ್ಮು ಬಿಸಿಲಲ್ಲಿತ್ತು. ಮೇಲೆ ಶೈಲೂ ಕಾಲು ಚಾಚಿಕೊಂಡು ಕೂತು ಬಟಾಣಿ ಬಿಡಿಸುತ್ತಿದ್ದಳು. ವೀರೇಶ ಚಹಾ ಮಾಡುತ್ತೇನೆಂದು ಅಡಿಗೆಮನೆಗೆ ಹೋದ. ಸ್ವಲ್ಪ ಹೊತ್ತು ಡಬ್ಬಿ ತೆಗೆದು ಮುಚ್ಚುವ ಸದ್ದು, ತಳದ ಕಪಾಟಿನ ಬಾಗಿಲ ಸದ್ದು, ಮತ್ತೆ ಡಬ್ಬಿಯ ಸದ್ದು.

"ಏನೇ, ಸಕ್ಕರೆ ಎಲ್ಲಿಟ್ಟೀಯೆ?" ಅಂತ ಕೂಗಿದ.

"ಹುಡುಕ್ರಿ, ಸಿಗ್ತೈತೆ" ಅಂದಳು ಶೈಲೂ, ಬಟಾಣಿಯಿಂದ ತಲೆ ಎತ್ತದೆ.

ಕಾಫಿಪುಡಿಯ ಹಿಂದೆ ಇದೆ ಅಂತ ನನಗೆ ಗೊತ್ತಿತ್ತು. ನಾನೂ ಹೇಳಲಿಲ್ಲ.